ಮೇವು ಮುಂದಿದ್ದರೂ ಉಪವಾಸ

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ: ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳಿವು. ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಇವನ್ನು ಎಣಿಸಿದ್ದಾರೆ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಐದನ್ನೂ ಒಂದೇ ಮೈಯಲ್ಲಿ ಉಂಡ ಪ್ರಾಣಿಯನ್ನು ಹುಡುಕಿದರೆ ಕತ್ತೆಯೇ ಎದುರಾಗುತ್ತದೆ.

1969ರಲ್ಲಿ ಎಲಿಜಬೆತ್ ಸ್ವೆಂಡ್ಸನ್ ಸ್ಥಾಪಿಸಿದ ಕತ್ತೆಗಳ ಆಶ್ರಯಧಾಮ ಇಂಗ್ಲೆಂಡಿನ ಡೆವನ್‌ನ ಸಿಡ್‌ಮತ್ ಬಳಿಯಿದೆ. ಚೇತರಿಸಿಕೊಂಡ ಕತ್ತೆಗಳನ್ನು ಅದು ಸಾಕಲು ಬಯಸುವ ಮನೆಗಳಿಗೆ ಒಪ್ಪಿಸುತ್ತದೆ. ಹುಲ್ಲುಗಾವಲು, ಮಳೆಗೆ ಮರೆಯಾಗುವ ಕೊಟ್ಟಿಗೆ ಇವೆಯೇ ಎಂದು ಮೊದಲು ನೋಡುತ್ತಾರೆ. ಅದಕ್ಕಿಂತ ಮುಖ್ಯವಾದ ನಿಯಮವೊಂದಿದೆ: ಒಂಟಿ ಕತ್ತೆಯನ್ನು ಕೊಡುವುದಿಲ್ಲ, ಜೋಡಿಯನ್ನು ಅಗಲಿಸುವುದಿಲ್ಲ.

ಇದು ಬರಿಯ ಭಾವುಕತೆಯಲ್ಲ. ಜೊತೆಗಾರನಿಂದ ದೂರವಾದ ಕತ್ತೆ ಮೇವು ಬಿಡುತ್ತದೆ. ಆಗ ಒಡಲಿನ ಕೊಬ್ಬು ಕರಗಿ ರಕ್ತವನ್ನು ತುಂಬುತ್ತದೆ. ಯಕೃತ್ತು ಕೆಟ್ಟು ಪ್ರಾಣವೇ ಹೋಗಬಹುದು. ಯಾರೂ ಅನ್ನವನ್ನು ತಡೆದಿರುವುದಿಲ್ಲ, ಕೈಯೆತ್ತಿ ಹೊಡೆದಿರುವುದೂ ಇಲ್ಲ. ಆದರೂ ಅಗಲಿಸಿದ ಕೈಗೆ ಅನ್ನಪಾನನಿರೋಧದ ದೋಷ ತಗಲದೆಂದು ಶ್ರಾವಕನು ಹೇಳಬಲ್ಲನೆ? ಪ್ರಮಾದವೂ ಹಿಂಸೆಯ ಬಾಗಿಲೇ ಅಲ್ಲವೆ?

ಜೋಡಿಯಲ್ಲೊಂದು ಸತ್ತರೆ ಕಳೇಬರವನ್ನು ಕೂಡಲೇ ಸಾಗಿಸುವುದಿಲ್ಲ. ಉಳಿದ ಕತ್ತೆ ಮೂಸಿ, ಬಳಿಯಲ್ಲೇ ನಿಂತು, ತಾನಾಗಿ ಆಚೆ ಸರಿಯುವವರೆಗೆ ಪಾಲಕರು ಕಾಯುತ್ತಾರೆ.