ಆನ್ ಫ್ರಾಂಕಳ ದಿನಚರಿ

ಭಯ, ದುಃಖ, ಹೆತ್ತವರ ಮೇಲಿನ ಮುನಿಸು ಇವು ಹದಿಹರೆಯದಲ್ಲಿ ಒಂದರೊಡನೊಂದು ಬೆರೆತು ಮನಸ್ಸನ್ನು ಕದಡುತ್ತವೆ. ಅವುಗಳನ್ನು ಬಿಡಿಸಿ ನೋಡಲು ಬರವಣಿಗೆ ನೆರವಾಗುವ ಬಗೆಯನ್ನು ನಾನು ಆನ್ ಫ್ರಾಂಕಳ ದಿನಚರಿಯಿಂದ ತಿಳಿದೆನು.

ಯೆಹೂದ್ಯಳಾದ ಈ ಬಾಲಿಕೆ 1942ರ ಜುಲೈಯಲ್ಲಿ, 13ನೆಯ ವಯಸ್ಸಿನಲ್ಲಿ, ನಾಜಿಗಳ ಕಣ್ಣಿಗೆ ಬೀಳದಂತೆ ಆಮ್‌ಸ್ಟರ್‌ಡ್ಯಾಮಿನ ಕಟ್ಟಡವೊಂದರ ಹಿಂಭಾಗದಲ್ಲಿ ಮನೆಯವರೊಡನೆ ಅಡಗಿದಳು. ಹಗಲಿನಲ್ಲಿ ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ. ಹೊರಗುಳಿದ ಗೆಳತಿಯರ ಚಿಂತೆ ಒಂದು ಕಡೆ, ತಾಯಿಯೊಡನೆ ಜಗಳ ಇನ್ನೊಂದು ಕಡೆ. ಎಲ್ಲವನ್ನೂ ‘ಕಿಟ್ಟಿ’ ಎಂಬ ಕಲ್ಪಿತ ಗೆಳತಿಗೆ ಬರೆದಿಟ್ಟಳು. 1944ರ ಜನವರಿಯಲ್ಲಿ ಹಳೆಯ ಪುಟಗಳನ್ನು ಓದಿ, ತಾಯಿಯನ್ನು ಕುರಿತ ತನ್ನ ಕಠಿಣ ನುಡಿಗಳಿಗೆ ತಾನೇ ನಾಚಿದಳು. ಕೋಪದಲ್ಲಿ ಕಾಣದಿದ್ದ ತಾಯಿಯ ಕಷ್ಟ ಆಗ ಕಂಡಿತು.

ಅದೇ ಆಗಸ್ಟ್ 4ರಂದು ಎಲ್ಲರೂ ಸೆರೆಸಿಕ್ಕರು. 1945ರಲ್ಲಿ ತಾಯಿ ಮಗಳಿಬ್ಬರೂ ಬೇರೆ ಬೇರೆ ಶಿಬಿರಗಳಲ್ಲಿ ಮಡಿದರು. ಬದುಕುಳಿದ ತಂದೆ 1947ರಲ್ಲಿ ದಿನಚರಿಯನ್ನು ಅಚ್ಚು ಹಾಕಿಸಿದರು.