ನೂಲಿನ ಗುಣ ಬಲ್ಲವರಿಗೆ ಬಟ್ಟೆ ಯಾವುದಾದರೇನು?

ಹುಬ್ಬಳ್ಳಿಯ ಬೆಂಗೇರಿಯಲ್ಲಿ 17 ಎಕರೆಯಷ್ಟು ಜಾಗದಲ್ಲಿ ಹರಡಿಕೊಂಡಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಗಾಂಧಿವಾದಿಗಳು ಕಟ್ಟಿದ ಈ ಸಂಘಕ್ಕೆ ದೇಶದಾದ್ಯಂತ ಹೆಸರು ತಂದದ್ದು ಅದರ ರಾಷ್ಟ್ರಧ್ವಜ ಘಟಕ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಅಶೋಕ ಚಕ್ರ ಮುದ್ರಿಸುವುದು, ಹೊಲಿಯುವುದು, ಕೊನೆಗೆ ಹಗ್ಗ ಕೂಡಿಸುವುದು: ಒಂದು ಬಾವುಟ ಇಷ್ಟು ಕೈಗಳನ್ನು ದಾಟಿ ಹೊರಬರುತ್ತದೆ. ಬಣ್ಣ ಮಾಸದೆ ನಿಲ್ಲಬೇಕು, ಎಳೆಯ ಲೆಕ್ಕ ತಪ್ಪಬಾರದು, ಚಕ್ರದ 24 ಕಡ್ಡಿಗಳು ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂಡಬೇಕು. ಹೀಗೆ ವರ್ಷಗಟ್ಟಲೆ ಪಳಗಿದ ಕಸುಬಿನ ಕಾಲಡಿಯ ನೆಲ 2021ರ ಡಿಸೆಂಬರ್ 30ರಂದು ಸರಿಯಿತು. ಅಂದು ಆದ ಧ್ವಜ ಸಂಹಿತೆಯ ತಿದ್ದುಪಡಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಮನೆಮನೆಯಲ್ಲೂ ತ್ರಿವರ್ಣ ಹಾರಿಸುವ ಅಭಿಯಾನ ಬಂದಾಗ, ಖಾದಿಯ ಪಾಲಿಗೆ ಸುಗ್ಗಿಯಾಗಬೇಕಿದ್ದ ಕಾಲವೇ ಆತಂಕದ ಕಾಲವಾಯಿತು. ಸಂಘ ಬಹಿರಂಗವಾಗಿಯೇ ವಿರೋಧಿಸಿತು. ಯಾರ ಕೈಚಳಕವೂ ಕುಂದಿರಲಿಲ್ಲ, ಹೊಸ ಯಂತ್ರವನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಬದಲಾದದ್ದು ನಿಯಮದ ಒಂದು ಸಾಲು.

ಆ ತಿದ್ದುಪಡಿ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ನೋಡಬೇಕಾದದ್ದು, ಇಂಥ ತಿರುವಿನಲ್ಲಿ ಯಾವ ಬಗೆಯ ಓದು ಕೈಹಿಡಿಯುತ್ತದೆ ಎಂಬುದನ್ನು. ಬಣ್ಣದ ಕೆಲಸವನ್ನೇ ತೆಗೆದುಕೊಳ್ಳಿ. ಹತ್ತಿಯ ಎಳೆಗೆ ನೀರು ಒಗ್ಗುತ್ತದೆ. ನೀರಿನಲ್ಲಿ ಕರಗಿದ ಬಣ್ಣ ಎಳೆಯೊಳಕ್ಕೆ ಇಳಿದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರಿಗೆ ನೀರಿನ ಸಹವಾಸ ಬೇಡ. ಅದಕ್ಕೆ ನೀರಿನಲ್ಲಿ ಅಷ್ಟಾಗಿ ಕರಗದ ಬೇರೆಯೇ ಜಾತಿಯ ಬಣ್ಣ ಬೇಕು, ಸಾಮಾನ್ಯವಾಗಿ 130 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಮತ್ತು ಒತ್ತಡ ಬೇಕು. ಖಾದಿಗೆ ಯಾವ ಬಣ್ಣ ಎಷ್ಟು ಹಾಕಬೇಕು, ಎಷ್ಟು ಹೊತ್ತು ಅದ್ದಬೇಕು ಎಂಬ ಅಳತೆಯನ್ನಷ್ಟೇ ಬಾಯಿಪಾಠ ಮಾಡಿದವನಿಗೆ ಪಾಲಿಯೆಸ್ಟರ್ ಎಂದರೆ ಕೆಲಸ ಹೋದಂತೆ. ಎಳೆಗೂ ಬಣ್ಣಕ್ಕೂ ನಂಟು ಬೆಸೆಯುವುದು ಹೇಗೆ ಎಂಬುದನ್ನು ಅರಿತವನಿಗೆ ಅದು ಕಲಿತದ್ದರದೇ ಮುಂದಿನ ಪಾಠ. ಬೆಂಗೇರಿಯ ಸಂಘ ಜವಳಿ ರಸಾಯನಶಾಸ್ತ್ರದ ತರಬೇತಿಯನ್ನೂ ನಡೆಸಿಕೊಂಡು ಬಂದಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ಅಳತೆ ಇವತ್ತಿನ ಕೆಲಸ ಕೊಡುತ್ತದೆ. ಕಾರಣದ ಅರಿವು ನಾಳೆಯದನ್ನೂ ಕೊಡಬಲ್ಲದು. ಉನ್ನತ ಶಿಕ್ಷಣ ಕೊಡಬೇಕಾದದ್ದು ಈ ಎರಡನೆಯದನ್ನು.

ಆದರೆ ನಮ್ಮ ಕಾಲೇಜುಗಳು ಹೆದರಿಕೆಯಲ್ಲಿ ಮೊದಲನೆಯದರ ಬೆನ್ನು ಹತ್ತಿವೆ. ಹೆದರಿಕೆಗೆ ಕಾರಣ ಇಲ್ಲದಿಲ್ಲ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯ ಅಂದಾಜಿನಂತೆ 2030ರ ಹೊತ್ತಿಗೆ ಜಗತ್ತಿನಲ್ಲಿ 17 ಕೋಟಿ ಹೊಸ ಉದ್ಯೋಗಗಳು ಹುಟ್ಟಲಿವೆ, 9.2 ಕೋಟಿ ಅಳಿಯಲಿವೆ; ಕೆಲಸಗಾರರ ಈಗಿನ ಕೌಶಲಗಳಲ್ಲಿ ಶೇ 39ರಷ್ಟು ಬದಲಾಗಲಿವೆ ಇಲ್ಲವೇ ಹಳತಾಗಲಿವೆ. ಇದನ್ನು ಓದಿದವರು ಮಾಡುವ ಮೊದಲ ಕೆಲಸವೆಂದರೆ ಈ ವರ್ಷ ಚಾಲ್ತಿಯಲ್ಲಿರುವ ಸಾಫ್ಟ್‌ವೇರಿನ ಹೆಸರಿನಲ್ಲಿ ಒಂದು ಸರ್ಟಿಫಿಕೇಟ್ ಕೋರ್ಸ್ ತೆರೆಯುವುದು. ಅದೇ ವರದಿಯನ್ನು ನಂಬುವುದಾದರೆ, ಮೊದಲ ಸೆಮಿಸ್ಟರಿನಲ್ಲಿ ಕಲಿಸಿದ ಸಾಧನ ಘಟಿಕೋತ್ಸವದ ಹೊತ್ತಿಗೆ ಮೂಲೆ ಸೇರಿದರೂ ಅಚ್ಚರಿಯಿಲ್ಲ. ಬೇಗ ಹಳತಾಗುವುದನ್ನೇ ಹೆಚ್ಚು ಕಲಿಸಿ, ಬಾಳುವುದನ್ನು ಕಡಿಮೆ ಕಲಿಸುವುದು ಬದಲಾವಣೆಗೆ ಮಾಡುವ ಸಿದ್ಧತೆ ಹೇಗಾದೀತು?

ಒಂದೇ ವಿಷಯದಲ್ಲಿ ಆಳಕ್ಕಿಳಿದರೆ ಬಾವಿಯೊಳಗಿನ ಕಪ್ಪೆಯಾಗುವುದಿಲ್ಲವೇ, ಹತ್ತು ವಿಷಯಗಳ ಪರಿಚಯವಿದ್ದವನೇ ಸುಲಭವಾಗಿ ಹೊರಳಬಲ್ಲನಲ್ಲವೇ ಎಂದು ಕೇಳುವವರಿದ್ದಾರೆ. ಈ ವಾದಕ್ಕೆ ಕರ್ನಾಟಕವೇ ಪ್ರಯೋಗಶಾಲೆಯಾಗಿತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್, ಮುಕ್ತ ಆಯ್ಕೆಯ ವಿಷಯಗಳು, ಡಿಜಿಟಲ್ ಫ್ಲೂಯೆನ್ಸಿಯಂಥ ಕೌಶಲ ಪತ್ರಿಕೆಗಳು ಬಂದವು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ಶಿಫಾರಸಿನ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೂರೇ ವರ್ಷದಲ್ಲಿ ಎರಡು ಬಾರಿ ಹೊರಳಿದ ಈ ಕಥೆಯಿಂದ ಆಯ್ಕೆಯೇ ತಪ್ಪು ಎಂದೇನೂ ಸಾಬೀತಾಗುವುದಿಲ್ಲ. ಇತಿಹಾಸದ ವಿದ್ಯಾರ್ಥಿ ಸಂಖ್ಯಾಶಾಸ್ತ್ರ ಕಲಿತರೆ ಒಳ್ಳೆಯದೇ. ಆದರೆ ಹೊರಳುವುದಕ್ಕೆ ಊರಿ ನಿಲ್ಲಲು ಒಂದು ಕಾಲಾದರೂ ಗಟ್ಟಿಯಿರಬೇಕು. ಒಂದು ಶಾಸ್ತ್ರ ಪ್ರಶ್ನೆ ಕೇಳುವ, ಪುರಾವೆ ತೂಗುವ, ತಪ್ಪು ಹಿಡಿಯುವ ರೀತಿ ಮೈಗೂಡಿದವನಿಗೆ ಎರಡನೆಯ ಶಾಸ್ತ್ರ ಬೇಗ ಒಲಿಯುತ್ತದೆ. ಯಾವುದೂ ಮೈಗೂಡದವನಿಗೆ ಪ್ರತಿಯೊಂದೂ ಅಆಇಈಯಿಂದಲೇ ಶುರು.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರಿಗೆ, ಸಾಲ ಮಾಡಿ ಫೀ ಕಟ್ಟಿದವರಿಗೆ, ಕಾರಣ-ತತ್ವದ ಮಾತು ಹೊಟ್ಟೆ ತುಂಬಿಸುವುದಿಲ್ಲ. ಅವರಿಗೆ ಬೇಕಾದದ್ದು ಈ ಜೂನ್‌ನಲ್ಲಿ ಕೆಲಸ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯಂಥ ಯೋಜನೆ ಬೇಕಾಯಿತೆಂಬುದೇ ಈ ಸಂಕಟಕ್ಕೆ ಸಾಕ್ಷಿ. ಮಾತು ನಿಜ. ಆದರೆ ಮೊದಲ ಕೆಲಸ ತಪ್ಪಿದಾಗ ತಡೆದುಕೊಳ್ಳಲು ಹೊಲ-ಮನೆ, ಅಂಗಡಿ-ಮುಂಗಟ್ಟು ಇಲ್ಲದವರೂ ಇವರೇ. ಎರಡನೆಯ ಕೆಲಸಕ್ಕೆ ಒದಗುವ ವಿದ್ಯೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಇವರಿಗೆ. ಕೈಕೆಲಸಕ್ಕೂ ತತ್ವಕ್ಕೂ ಜಗಳವಿದೆ ಎಂದುಕೊಳ್ಳುವುದೇ ತಪ್ಪು. 1947ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿ ಮೊದಲ ವರ್ಷದಲ್ಲೇ, ಸಮಸ್ಯೆಯೊಂದನ್ನು ಹಿಡಿದು ತಂಡವಾಗಿ ಏನನ್ನಾದರೂ ಕಟ್ಟಿ ನೋಡುವ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಕೋರ್ಸ್ ಇದೆ. ಕಟ್ಟಿದ್ದು ಕೆಟ್ಟಾಗ ‘ಯಾಕೆ’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಿ.ಎ., ಬಿ.ಕಾಂ. ತರಗತಿಗಳಿಗೂ ಇಂಥದ್ದು ಬೇಕು.

ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ಕಲಿತದ್ದು ಅರವತ್ತರವರೆಗೆ ಸಾಕಾದೀತೆಂದು ಇಷ್ಟಾದರೂ ಹೇಳಲಾಗದು. ಆದ್ದರಿಂದ ಮರಳಿ ಬರುವ ಬಾಗಿಲೂ ತೆರೆದಿರಬೇಕು. ಆ ಬಾಗಿಲು ನಮ್ಮಲ್ಲಿ ಕಿರಿದು. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು 2013-14ರ ಸಾಲಿನಿಂದ ಯುಜಿಸಿ ಮಾನ್ಯತೆ ಕಳೆದುಕೊಂಡು, 2018ರಲ್ಲಷ್ಟೇ ಅದನ್ನು ಮರಳಿ ಪಡೆಯಿತು. ನಡುವಿನ ವರ್ಷಗಳ ಬೆಲೆ ತೆತ್ತವರು ದುಡಿಯುತ್ತಲೇ ಓದಲು ಬಂದವರು. ಓದಿನ ಕ್ರೆಡಿಟ್‌ಗಳನ್ನು ಕೂಡಿಟ್ಟು ಮುಂದೆ ಬಳಸಿಕೊಳ್ಳಲೆಂದು 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಒಳ್ಳೆಯ ಯೋಚನೆ, ಆದರೆ ಗಳಿಸಿಟ್ಟ ಕ್ರೆಡಿಟ್‌ಗಳಿಗೆ ಸಾಮಾನ್ಯವಾಗಿ ಏಳು ವರ್ಷದ ಗಡುವು. ಇಪ್ಪತ್ತರಲ್ಲಿ ಓದು ಬಿಟ್ಟು ಮೂವತ್ತೈದರಲ್ಲಿ ಮರಳುವ ಹೆಣ್ಣುಮಗಳ ಗಂಟು ಅಷ್ಟರಲ್ಲಿ ಕರಗಿರುತ್ತದೆ. ಹುಬ್ಬಳ್ಳಿ-ಧಾರವಾಡವನ್ನೇ ನೋಡಿ: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕಾನೂನು ವಿಶ್ವವಿದ್ಯಾಲಯ, ಐಐಟಿ, ಐಐಐಟಿ ಎಲ್ಲವೂ ಒಂದೇ ಜೋಡಿನಗರದಲ್ಲಿವೆ. ಸಂಜೆಯ ಹೊತ್ತು ಇವುಗಳ ಪ್ರಯೋಗಾಲಯಗಳ ಒಂದಿಷ್ಟು ಬೆಂಚುಗಳನ್ನು ನಲವತ್ತರ ಕೆಲಸಗಾರರಿಗೆ ಬಿಟ್ಟುಕೊಟ್ಟರೆ ಹೊಸ ಕಟ್ಟಡವೇನೂ ಬೇಕಾಗದು.

ಪ್ರವೇಶದ ದಿನಗಳಲ್ಲಿ ಕಾಲೇಜುಗಳ ಫ್ಲೆಕ್ಸುಗಳ ಮೇಲೆ ರಾರಾಜಿಸುವುದು ಮೊದಲ ಸಂಬಳದ ಅಂಕಿ. ಹತ್ತು ವರ್ಷದ ಹಿಂದೆ ಹೊರಬಿದ್ದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಅವರಲ್ಲಿ ಎಷ್ಟು ಮಂದಿ ಕೆಲಸದ ದಾರಿ ಬದಲಿಸಿದರು, ಬದಲಿಸುವಾಗ ತರಗತಿಯ ಯಾವ ಪಾಠ ಒದಗಿತು ಎಂಬುದನ್ನು ಹೇಳುವ ಫ್ಲೆಕ್ಸ್ ಕಾಣಸಿಗುವುದಿಲ್ಲ. ಪೋಷಕರು ಕೇಳಬೇಕಾದದ್ದೂ, ಕಾಲೇಜುಗಳು ಲೆಕ್ಕ ಇಡಬೇಕಾದದ್ದೂ ಅದನ್ನೇ. ಹೊಸ ಬಟ್ಟೆಯ ಬಣ್ಣ ಯಾವಾಗಲೂ ಚೆಂದ. ಬಣ್ಣಗಾರನ ವಿದ್ಯೆ ತಿಳಿಯುವುದು ನಾಲ್ಕು ಒಗೆತದ ಮೇಲೆ.