ಕಡಪ ಕಲ್ಲಿನ ಮೇಲೆ ನಿಂಬೆಯ ಕಲೆ: ಮನೆಯಲ್ಲೇ ಇದೆ ಮಕ್ಕಳ ಪಾಠ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಮನೆಗಳಿಗೆ ಕಡಪ ಕಲ್ಲು, ತಾಡಪತ್ರಿ ಬಂಡೆ ಹೊಸದಲ್ಲ. ಅಡುಗೆಮನೆಯ ಆ ಕಲ್ಲಿನ ಮೇಲೆ ರಾತ್ರಿ ಹಿಂಡಿದ ನಿಂಬೆಹೋಳು ಮರೆತುಹೋದರೆ ಬೆಳಗ್ಗೆ ಬಿಳಿಚಿದ ಕಲೆ ಕಾಣುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅದು ಕೊಳೆಯಲ್ಲ, ಕಲ್ಲೇ ಸವೆದ ಗುರುತು. ಇವು ಸುಣ್ಣಕಲ್ಲಿನ ಜಾತಿಯವು. ಅವುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ನಿಂಬೆಯ ಸಿಟ್ರಿಕ್ ಆಮ್ಲ ಕರಗಿಸುತ್ತದೆ.

ನಿಮ್ಮ ಮಕ್ಕಳು 10ನೇ ತರಗತಿಯಲ್ಲಿ ಓದುವುದೂ ಇದನ್ನೇ: ಆಮ್ಲ ಮತ್ತು ಕಾರ್ಬೊನೇಟ್ ಸೇರಿದರೆ ಲವಣ, ನೀರು, ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಸಾಲು ಬಾಯಿಪಾಠವಾಗಿರುತ್ತದೆ. ಆದರೆ "ನೊರೆ ಏಕೆ ಬಂತು?" ಎಂದರೆ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಆ ಪ್ರಶ್ನೆ ಕೇಳಲು ನೀವು ವಿಜ್ಞಾನ ಓದಿರಬೇಕಿಲ್ಲ.

ಎತ್ತರದ ಗಾಜಿನ ಲೋಟಕ್ಕೆ ಒಂದು ಚಮಚ ಅಡುಗೆ ಸೋಡ ಹಾಕಿ, ಒಂದು ನಿಂಬೆಹಣ್ಣು ಹಿಂಡಿ. ಸೋಡ ಕಾರ್ಬೊನೇಟಿನ ಹತ್ತಿರದ ನೆಂಟ, ಬೈಕಾರ್ಬೊನೇಟ್. ನಿಂಬೆ ಇಲ್ಲದಿದ್ದರೆ ಗಟ್ಟಿ ಹುಣಸೆರಸವೂ ಆದೀತು. ಹುಣಸೆ ಮಾರುಕಟ್ಟೆಗೆ ಹೆಸರಾದ ಹಿಂದೂಪುರದಲ್ಲಿ ಅದಕ್ಕೇನು ಬರ? ಬುರುಗು ಇಳಿದ ಮೇಲೆ ಉರಿಯುವ ಬೆಂಕಿಕಡ್ಡಿಯನ್ನು ಒಳಗೆ ಇಳಿಸಿ. ಆರಿಹೋಗುತ್ತದೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಲೋಟದಲ್ಲೇ ನಿಂತಿರುತ್ತದೆ.

ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಆ ತಿಳಿನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿ. ಮಗು ಸ್ಟ್ರಾದಿಂದ ಮೆಲ್ಲಗೆ ಊದಲಿ, ಹೀರಬಾರದು. ಸ್ವಲ್ಪ ಹೊತ್ತಿನಲ್ಲಿ ನೀರು ಹಾಲಿನಂತಾಗುತ್ತದೆ. ಉಸಿರಿನಲ್ಲಿರುವ ಅದೇ ಅನಿಲ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ. ಕಲ್ಲಿನಲ್ಲಿದ್ದದ್ದೂ ಅದೇ ಅಲ್ಲವೇ!

ಎಚ್ಚರ ಇರಲಿ. ಸೋಡ, ನಿಂಬೆರಸ ಬೆರೆಸಿದ ಬಾಟಲಿಗೆ ಮುಚ್ಚಳ ಬಿಗಿಯಬೇಡಿ, ಸಿಡಿದೀತು. ಸುಣ್ಣ ಕಣ್ಣಿಗೆ ಬೀಳಬಾರದು. ಕಕ್ಕಸು ತೊಳೆಯುವ ಆಸಿಡ್ ಖಂಡಿತ ಬೇಡ. ಬಲವಾದ ಆಮ್ಲಗಳ ಪ್ರಯೋಗ ಶಾಲೆಯಲ್ಲಿ, ಮೇಷ್ಟ್ರ ಎದುರಿಗೇ ಆಗಲಿ.

ಸುಣ್ಣದ ತಿಳಿನೀರು ಆಮ್ಲಕ್ಕೆ ವಿರುದ್ಧ ಗುಣದ್ದು. ಅದರ ಹೆಸರಿನಲ್ಲೇ ನಮ್ಮ ಗಡಿಭಾಗದ ಮಕ್ಕಳಿಗೊಂದು ತೊಡಕಿದೆ. ಕನ್ನಡ ಪುಸ್ತಕದಲ್ಲಿ ಇಂಥವೆಲ್ಲ 'ಪ್ರತ್ಯಾಮ್ಲ'. ಅವುಗಳಲ್ಲಿ ನೀರಿನಲ್ಲಿ ಕರಗುವವು ಮಾತ್ರ 'ಕ್ಷಾರ'. ತೆಲುಗು ಪಾಠದಲ್ಲಿ ಪ್ರತ್ಯಾಮ್ಲವನ್ನೇ 'ಕ್ಷಾರ' ಎನ್ನುತ್ತಾರೆ. ತೆಲುಗಿನಲ್ಲಿ ಟ್ಯೂಷನ್ ಹೇಳಿಸಿಕೊಳ್ಳುವ ಮಗು ಪರೀಕ್ಷೆಯಲ್ಲಿ ಒಂದಕ್ಕೊಂದು ಬರೆದುಬಿಡಬಹುದು. ಈ ವ್ಯತ್ಯಾಸವನ್ನು ಮೊದಲೇ ಹೇಳಿಕೊಡಿ. ಸಮೀಕರಣದ ಸಂಕೇತಗಳು ಮಾತ್ರ ಎರಡೂ ಕಡೆ ಒಂದೇ.

ಇವತ್ತು ರಾತ್ರಿ ಊಟವಾದ ಮೇಲೆ ಆ ಕಲ್ಲಿನ ಕಲೆ ತೋರಿಸಿ, "ಇದು ಹೇಗಾಯ್ತು, ಹೇಳು" ಎಂದು ಕೇಳಿ. ಪುಸ್ತಕದ ಸಾಲು ಬೇಡ, ತನ್ನ ಮಾತಿನಲ್ಲೇ ಹೇಳಲಿ. ಹಾಗೆ ಹೇಳಬಲ್ಲ ಮಗುವಿಗೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಭಯವಿಲ್ಲ.